ಚಿವಾವಾ ಗುರುಗುಟ್ಟಿದಾಗ

ಕೇಳುಗರೇ, ನಮಸ್ಕಾರ.

ಮನೆಗೆ ಯಾರೋ ಬರುತ್ತಾರೆ. ಸೋಫಾದ ಮೂಲೆಯಲ್ಲಿ ಮುದುರಿ ಕೂತ ಚಿವಾವಾ ಎಂಬ ತಳಿಯ ಪುಟ್ಟ ನಾಯಿ ಕಣ್ಣಿಗೆ ಬೀಳುತ್ತದೆ. ದೊಡ್ಡ ಕಿವಿ, ದುಂಡು ಕಣ್ಣು. 'ಅಯ್ಯೋ, ಎಷ್ಟು ಮುದ್ದಾಗಿದೆ!' ಎನ್ನುತ್ತಾ ಮೇಲಿಂದ ಕೈ ಚಾಚುತ್ತಾರೆ. ನಾಯಿ ಗುರ್ ಎನ್ನುತ್ತದೆ. ಎಲ್ಲರೂ ನಗುತ್ತಾರೆ. ಕೈ ಇನ್ನೂ ಹತ್ತಿರ ಹೋಗುತ್ತದೆ.

ಅದೇ ಗುರ್ ಒಂದು ಆಲ್ಸೇಷಿಯನ್ ಬಾಯಿಂದ ಬಂದಿದ್ದರೆ? ಕೈ ತಾನಾಗಿಯೇ ಹಿಂದೆ ಸರಿಯುತ್ತಿತ್ತು, ಅಲ್ವಾ? ನಾನು ಚಿವಾವಾ ಸಾಕಿ ಒಂಬತ್ತು ವರ್ಷವಾಯಿತು. ನನಗೆ ಅನ್ನಿಸುವುದು ಇದು: ಈ ನಾಯಿಯ ಜೊತೆಗಿನ ಅರ್ಧ ತೊಂದರೆ ಶುರುವಾಗುವುದೇ ನಾವು ಅದರ ಮಾತಿಗೆ ಬೆಲೆ ಕೊಡದಿದ್ದಾಗ. ಗುರುಗುಟ್ಟಿದರೂ ಕೇಳದಿದ್ದರೆ ಅದಕ್ಕೆ ಉಳಿಯುವುದು ಹಲ್ಲು ಮಾತ್ರ. ಆಮೇಲೆ 'ಚಿವಾವಾ ಕಚ್ಚುವ ಜಾತಿ' ಎಂಬ ಹೆಸರು ಬರುತ್ತದೆ.

ಚಿವಾವಾ ಎನ್ನುವುದು ಮೆಕ್ಸಿಕೋ ದೇಶದ ಒಂದು ರಾಜ್ಯ. ನಾಯಿಗೆ ಆ ಹೆಸರು ಬಂದದ್ದು ಅಲ್ಲಿಂದಲೇ. ಹಿಂದೆ ಮೆಕ್ಸಿಕೋದಲ್ಲಿದ್ದ ಟೊಲ್ಟೆಕ್ ಎಂಬ ಜನ ಸಾಕುತ್ತಿದ್ದ ಟೆಚಿಚಿ ಎಂಬ ಸಣ್ಣ ನಾಯಿಯ ವಂಶ ಇದು ಎನ್ನುತ್ತಾರೆ. ನಾಯಿ ತಳಿಗಳನ್ನು ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ಬಿನ ಲೆಕ್ಕದಲ್ಲಿ ಇದರ ತೂಕ 6 ಪೌಂಡ್ ಮೀರಬಾರದು. ಅಂದರೆ ಮೂರು ಕಿಲೋಗೂ ಕಡಿಮೆ. ಅಷ್ಟು ಪುಟ್ಟ ನಾಯಿಯ ಎತ್ತರದಲ್ಲಿ ನಿಂತು ನಮ್ಮ ಮನೆಯನ್ನು ನೋಡಿ. ಸುತ್ತ ಬರೀ ಕಾಲುಗಳು. ಮೇಲಿಂದ ಇಳಿಯುವ ಕೈಗಳು. ಭಯವಾಗದೆ ಇರುತ್ತದೆಯೇ?

ಆದರೂ ಒಮ್ಮೆ ನಿಮ್ಮನ್ನು ನಂಬಿತೆಂದರೆ ಆಯಿತು. ಮನೆಯಲ್ಲಿ ಹತ್ತು ಜನರಿದ್ದರೂ ಒಬ್ಬರನ್ನು ಆರಿಸಿಕೊಂಡು ಅವರ ಹಿಂದೆಯೇ ಕೋಣೆಯಿಂದ ಕೋಣೆಗೆ ಸುತ್ತುತ್ತದೆ. ನನಗೆ ಜ್ವರ ಬಂದಾಗ ನಮ್ಮ ನಾಯಿ ಎರಡು ದಿನ ನನ್ನ ಹೊಟ್ಟೆಯ ಮೇಲಿಂದ ಎದ್ದಿರಲಿಲ್ಲ. ಅದರ ಬಿಸುಪು ನನಗೆ ಇಂದಿಗೂ ನೆನಪಿದೆ. ಸಣ್ಣ ಮನೆಯೇ ಸಾಕು, ಓಡಾಟವೂ ಜಾಸ್ತಿ ಬೇಡ. ಚೆನ್ನಾಗಿ ನೋಡಿಕೊಂಡರೆ 14ರಿಂದ 16 ವರ್ಷ ಬದುಕುವ ನಾಯಿಗಳಿವೆ. ಇದು ಸಂತೋಷದ ಮಾತೂ ಹೌದು, ಹೊಣೆಯ ಮಾತೂ ಹೌದು.

ಮೈ ಮಾತ್ರ ತುಂಬಾ ನಾಜೂಕು. ಕೂಸಿನ ನೆತ್ತಿಯ ಹಾಗೆ ಎಷ್ಟೋ ಚಿವಾವಾಗಳ ತಲೆಬುರುಡೆಯಲ್ಲಿ ಒಂದು ಮೆತ್ತನೆಯ ಜಾಗ ಇರುತ್ತದೆ. ದೊಡ್ಡದಾದ ಮೇಲೂ ಅದು ಮುಚ್ಚದೆ ಉಳಿಯಬಹುದು. ಸೋಫಾದಿಂದ ಬಿದ್ದರೂ ಪೆಟ್ಟು ದೊಡ್ಡದೇ. ಮಂಡಿಚಿಪ್ಪು ಜಾರುವ ತೊಂದರೆ ಈ ತಳಿಯಲ್ಲಿ ಸಾಮಾನ್ಯ. ನಡೆಯುತ್ತಿರುವಾಗ ಒಂದು ಹಿಂಗಾಲನ್ನು ಎತ್ತಿಕೊಂಡು ಕುಂಟಿದರೆ ಪಶುವೈದ್ಯರಿಗೆ ತೋರಿಸಿ. ಉಸಿರುನಾಳ ಬಲಹೀನ. ಆದ್ದರಿಂದ ಕುತ್ತಿಗೆಗೆ ಬೆಲ್ಟ್ ಕಟ್ಟಿ ಎಳೆಯಬೇಡಿ, ಎದೆಗೆ ಹಾಕುವ ಹಾರ್ನೆಸ್ ಬಳಸಿ. ಇನ್ನು ಹಲ್ಲು. ದೊಡ್ಡ ನಾಯಿಗಿರುವಂತೆ ಇದಕ್ಕೂ 42 ಹಲ್ಲು, ದವಡೆ ಮಾತ್ರ ಇಷ್ಟೇ ಇಷ್ಟು. ಒತ್ತೊತ್ತಾಗಿ ಬೆಳೆದು ಬೇಗ ಹಾಳಾಗುತ್ತವೆ. ಬ್ರಷ್ ಮಾಡಲೇಬೇಕು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮರಿಗಳ ವಿಷಯದಲ್ಲಿ. ಹೊಟ್ಟೆ ಹಸಿದು ಹೊತ್ತಾದರೆ ರಕ್ತದಲ್ಲಿ ಸಕ್ಕರೆ ಇಳಿದುಬಿಡುತ್ತದೆ. ಆಡುತ್ತಿದ್ದ ಮರಿ ಹಠಾತ್ತನೆ ತೂರಾಡಿ ಕುಸಿಯುತ್ತದೆ. ಆಗ ಸ್ವಲ್ಪ ಜೇನುತುಪ್ಪವನ್ನು ವಸಡಿಗೆ ಸವರಿ ತಕ್ಷಣ ವೈದ್ಯರ ಬಳಿಗೆ ಓಡಬೇಕು. ಮರಿಗೆ ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಊಟ ಕೊಡಿ. 'ಟೀಕಪ್ ಚಿವಾವಾ' ಎಂದು ಇನ್ನೂ ಸಣ್ಣದನ್ನು ಮಾರುತ್ತಾರಲ್ಲ, ಅಂಥ ಪ್ರತ್ಯೇಕ ತಳಿಯೇ ಇಲ್ಲ. ಮೈ ಸಣ್ಣದಾದಷ್ಟೂ ಈ ಕಷ್ಟಗಳೆಲ್ಲ ಹೆಚ್ಚು. ದಯವಿಟ್ಟು ಅದನ್ನು ಕೊಳ್ಳಬೇಡಿ.

ಕಲಿಸುವುದು ಕಷ್ಟ ಎಂದು ಎಷ್ಟೋ ಜನ ಕೈಬಿಡುತ್ತಾರೆ. ಮೂತ್ರಕೋಶ ಚಿಕ್ಕದು, ಮೇಲಿಂದ ಮೇಲೆ ಹೊರಗೆ ಕರೆದುಕೊಂಡು ಹೋಗಬೇಕು. ಅಷ್ಟು ತಾಳ್ಮೆ ಬೇಕು. ಮರಿಯಿದ್ದಾಗಲೇ ಬೇರೆ ಜನ, ಬೇರೆ ನಾಯಿ, ಬೇರೆ ಸದ್ದುಗಳ ಪರಿಚಯ ಮಾಡಿಸಿ. ಸುಮ್ನೆ ಎತ್ತಿಕೊಂಡೇ ತಿರುಗಬೇಡಿ, ನೆಲದ ಮೇಲೆ ನಡೆಯಲು ಬಿಡಿ. ಮನೆಗೆ ಬಂದವರಿಗೆ ನಾನು ಹೇಳುವುದು ಒಂದೇ: ನೆಲದ ಮೇಲೆ ಕೂತುಕೊಳ್ಳಿ, ಕೈ ಚಾಚಬೇಡಿ, ಅದೇ ಬರಲಿ. ಹತ್ತು ನಿಮಿಷ ಹಿಡಿಯಬಹುದು. ಆದರೆ ಬಂದೇ ಬರುತ್ತದೆ. ಮೊದಲು ಪಾದ ಮೂಸುತ್ತದೆ, ಆಮೇಲೆ ತೊಡೆ ಹತ್ತುತ್ತದೆ.

ಇನ್ನೊಂದು ಮಾತು. ಚಳಿ ಇದಕ್ಕೆ ತಡೆಯುವುದಿಲ್ಲ, ಸಿಕ್ಕ ಹೊದಿಕೆಯೊಳಗೆ ನುಸುಳಿ ಮಲಗುತ್ತದೆ. ನಮ್ಮ ಮನೆಯಲ್ಲಿ ಯಾರೇ ಆಗಲಿ, ಹೊದಿಕೆಯನ್ನು ಒಮ್ಮೆ ತಡವಿ ನೋಡಿಯೇ ಮಂಚದ ಮೇಲೆ ಕೂರುವುದು.

ನಮಸ್ಕಾರ.