ಜುಟ್ಟು ಎಂಜಿನ್ ಮಾರುವವರ ಕೈಯಲ್ಲಿ

ಕೇಳುಗರಿಗೆ ನಮಸ್ಕಾರ.

ಮಾರತಹಳ್ಳಿ, ವಿಮಾನಪುರದ ಕಡೆ ಇರುವವರಿಗೆ ತೇಜಸ್ ಯುದ್ಧವಿಮಾನದ ಸದ್ದು ಹೊಸದಲ್ಲ. ತಲೆಯ ಮೇಲೆ ಹಾದುಹೋಗುವಾಗ ಮಾತು ನಿಲ್ಲಿಸಿ, ಆಮೇಲೆ ಮುಂದುವರಿಸುತ್ತೇವೆ, ಅಲ್ವಾ? ಆ ವಿಮಾನವನ್ನು ರೂಪಿಸಿದ್ದು ಬೆಂಗಳೂರು. ಕಟ್ಟುತ್ತಿರುವುದು ನಮ್ಮ ಎಚ್‌ಎಎಲ್. ಆದರೆ ಒಳಗಿನ ಎಂಜಿನ್ ಅಮೆರಿಕದ ಜಿಇ ಕಂಪನಿಯದು. ನೆರೆಹೊರೆಯ ದೇಶಗಳು ಪೈಪೋಟಿಗೆ ಬಿದ್ದು ಆಯುಧ ಕೊಳ್ಳುತ್ತಿವೆ. ಯಾರ ಹತ್ತಿರ ಎಷ್ಟು ವಿಮಾನ ಎಂದು ಎಲ್ಲರೂ ಎಣಿಸುತ್ತಾರೆ. ಎಂಜಿನ್ ಯಾರದು ಎಂದು ಕೇಳುವವರು ಕಡಿಮೆ. ನನಗೆ ಅದೇ ಮುಖ್ಯ ಪ್ರಶ್ನೆ.

1961ರ ಜೂನ್‌ನಲ್ಲಿ ಇದೇ ಊರಲ್ಲಿ ಮಾರುತ್ ಯುದ್ಧವಿಮಾನ ಮೊದಲ ಸಲ ಹಾರಿತು. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಇಲ್ಲಿಗೇ ಬಂದು ನಮ್ಮವರ ಜೊತೆ ಸೇರಿ ಮಾಡಿದ ವಿನ್ಯಾಸ ಅದು. ಆದರೆ ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಕಡಿಮೆ ಬಲದ ಎಂಜಿನ್ ಎರಡನ್ನು ಹಾಕಿಕೊಂಡೇ 1971ರ ಯುದ್ಧದಲ್ಲಿ ದುಡಿಯಿತು. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಒಂದು ಮಾರುತ್ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಪಾಕಿಸ್ತಾನದ್ದೂ ಬೇರೆ ಕಥೆಯಲ್ಲ. 1990ರಲ್ಲಿ ಅಣ್ವಸ್ತ್ರದ ಕಾರಣಕ್ಕೆ ಅಮೆರಿಕ ನೆರವು ನಿಲ್ಲಿಸಿತು. ಪಾಕಿಸ್ತಾನಕ್ಕೆಂದೇ ತಯಾರಾದ 28 ಎಫ್-16 ಯುದ್ಧವಿಮಾನಗಳು ಅರಿಜೋನಾದ ಮರುಭೂಮಿಯಲ್ಲೇ ಉಳಿದವು. ದುಡ್ಡು ಕೊಟ್ಟಾಗಿತ್ತು. ಆಮೇಲೆ ಆ ದೇಶ ಚೀನಾದ ಕಡೆ ಇನ್ನಷ್ಟು ವಾಲಿತು. 2020ರಿಂದ 2024ರವರೆಗೆ ಅದು ತರಿಸಿಕೊಂಡ ಆಯುಧಗಳಲ್ಲಿ ಶೇ. 81 ಚೀನಾದ್ದು ಎಂದು ಆಯುಧ ವ್ಯಾಪಾರದ ಲೆಕ್ಕ ಇಡುವ ಸ್ವೀಡನ್ನಿನ ಸಿಪ್ರಿ ಸಂಸ್ಥೆ ಲೆಕ್ಕ ಕೊಟ್ಟಿದೆ. ಎರಡೂ ದೇಶ ಸೇರಿ ಮಾಡಿದ ಜೆಎಫ್-17 ಯುದ್ಧವಿಮಾನಕ್ಕೆ ಎಂಜಿನ್ ಬಂದದ್ದು ಮಾತ್ರ ರಷ್ಯಾದಿಂದ! ಚೀನಾ ಕೂಡ ಎಷ್ಟೋ ವರ್ಷ ತನ್ನ ಜೆ-10 ವಿಮಾನವನ್ನು ರಷ್ಯಾದ ಎಂಜಿನ್‌ನಲ್ಲೇ ಹಾರಿಸಿತು. ಪಟ್ಟು ಬಿಡದೆ ದುಡ್ಡು ಸುರಿದು, ಈಗ ಸ್ವಂತ ಎಂಜಿನ್‌ಗೆ ಬಂದಿದೆ.

ಯಾಕೆ ಇಷ್ಟು ಕಷ್ಟ? ಎಂಜಿನ್ ಒಳಗಿನ ಟರ್ಬೈನ್ ಬ್ಲೇಡು ನೋಡಿ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರ ಸುತ್ತ ಹರಿಯುವ ಅನಿಲ, ಆ ಲೋಹ ಕರಗುವ ಶಾಖಕ್ಕಿಂತಲೂ ಬಿಸಿ. ಅದಕ್ಕೇ ಬ್ಲೇಡಿನ ಮೈತುಂಬ ಸಣ್ಣ ಸಣ್ಣ ತೂತು. ಅವುಗಳಿಂದ ಗಾಳಿ ಹೊರಬಂದು ಲೋಹದ ಮೇಲೆ ತೆಳುವಾಗಿ ಹರಡಿ ಕಾಪಾಡುತ್ತದೆ. ಸಾಮಾನ್ಯ ಲೋಹದಲ್ಲಿ ಲೆಕ್ಕವಿಲ್ಲದಷ್ಟು ಹರಳುಗಳಿರುತ್ತವೆ. ಒಂದಕ್ಕೊಂದು ಸೇರುವ ಕಡೆಯೇ ಅದು ಸೋಲುವುದು. ಹಾಗಾಗಿ ಇಡೀ ಬ್ಲೇಡನ್ನು ಕಲ್ಲುಸಕ್ಕರೆಯ ಹಾಗೆ ಒಂದೇ ಹರಳಾಗಿ ಬೆಳೆಸುತ್ತಾರೆ. ಈ ವಿದ್ಯೆ ಗೊತ್ತಿರುವ ದೇಶಗಳನ್ನು ಬೆರಳಲ್ಲಿ ಎಣಿಸಬಹುದು. ಯಾರೂ ಸುಮ್ನೆ ಹೇಳಿಕೊಡುವುದಿಲ್ಲ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಹೈದರಾಬಾದ್ ಪ್ರಯೋಗಾಲಯ 2021ರಲ್ಲಿ ಇಂಥ 60 ಬ್ಲೇಡುಗಳನ್ನು ಹೆಲಿಕಾಪ್ಟರ್ ಎಂಜಿನ್‌ಗಾಗಿ ಎಚ್‌ಎಎಲ್‌ಗೆ ಕೊಟ್ಟಿತು. ಆ ಸುದ್ದಿ ಓದಿ ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಒದ ಎಂಜಿನ್ ಪ್ರಯೋಗಾಲಯ ಜಿಟಿಆರ್‌ಇಯಲ್ಲಿ, ತೇಜಸ್‌ಗೆಂದೇ ಯೋಚಿಸಿದ್ದ ಕಾವೇರಿ ಎಂಜಿನ್ ಕೆಲಸಕ್ಕೆ ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ಬೇಕಾದ ಬಲ ಬರಲಿಲ್ಲ, ತೂಕ ಜಾಸ್ತಿಯಾಯಿತು. ಹಾರಾಟದಲ್ಲಿ ಪರೀಕ್ಷಿಸಲು ಅದನ್ನು ರಷ್ಯಾಕ್ಕೆ ಸಾಗಿಸಬೇಕಾಯಿತು. ಜಿಟಿಆರ್‌ಇ ಎಂಜಿನಿಯರುಗಳನ್ನು ದೂರುವುದು ಅನ್ಯಾಯ. ಪರೀಕ್ಷೆಯ ಸೌಕರ್ಯವೇ ಇಲ್ಲದೆ ಎಂಜಿನ್ ಮಾಡಿ ಎಂದರೆ ಹೇಗೆ?

ಇದರ ಬಿಸಿ ಈಗಲೂ ತಟ್ಟುತ್ತಿದೆ. 2021ರಲ್ಲಿ ವಾಯುಪಡೆಗಾಗಿ ಸರ್ಕಾರ 83 ತೇಜಸ್ ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಅವುಗಳಲ್ಲಿ 73 ಹೊಸ ಮಾರ್ಕ್-1ಎ ಮಾದರಿಯವು. ಅವುಗಳ ಮೊದಲ ಎಂಜಿನ್ ಜಿಇಯಿಂದ ಬಂದದ್ದು 2025ರ ಮಾರ್ಚ್‌ನಲ್ಲಿ. ಅದೇ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾಯಿತು. ಹಳೆಯದು ಹೋಯಿತು, ಹೊಸದು ಎಂಜಿನ್‌ಗೆ ಕಾಯುತ್ತಿತ್ತು. ನಾಳೆ ತೇಜಸನ್ನು ಬೇರೆ ದೇಶಕ್ಕೆ ಮಾರಬೇಕೆಂದರೂ ಅಮೆರಿಕದ ಒಪ್ಪಿಗೆ ಬೇಕು.

ಮುಂದೆ ನಾವೇ ಮಾಡಲಿರುವ ಆಮ್ಕಾ ಯುದ್ಧವಿಮಾನಕ್ಕೆ ವಿದೇಶಿ ಕಂಪನಿಯ ಜೊತೆಗೂಡಿ ಎಂಜಿನ್ ಮಾಡುವ ಯೋಚನೆ ಸರ್ಕಾರಕ್ಕಿದೆ. ಆ ಕರಾರಿನಲ್ಲಿ ಬ್ಲೇಡು ಎರಕ ಹೊಯ್ಯುವ ವಿದ್ಯೆ ಪೂರ್ತಿ ನಮ್ಮ ಕೈಗೆ ಬರಬೇಕು. ಬಿಡಿಭಾಗ ತಂದು ಇಲ್ಲಿ ಜೋಡಿಸಿ ಎಂದರೆ ಒಪ್ಪಬಾರದು. ಹಾರಾಟದ ಪರೀಕ್ಷೆಗೆ ಬೇಕಾದ ವಿಮಾನವನ್ನು ಜಿಟಿಆರ್‌ಇಗೆ ಮೊದಲು ಕೊಡಿಸಬೇಕು. ನಮಸ್ಕಾರ.