ಬೆನ್ನು ತಿರುಗಿಸುವ ವಾಚು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಸ್ವಿಟ್ಜರ್ಲೆಂಡಿನ ಒಂದು ಹಳೆಯ ಕೈಗಡಿಯಾರದ ಕಥೆ ಹೇಳುತ್ತೇನೆ. ಅದರ ಹೆಸರು ರಿವರ್ಸೊ. ಹುಟ್ಟಿದ್ದು 1931ರಲ್ಲಿ, ಯುರೋಪಿನಲ್ಲಿ. ಆದರೆ ಅದರ ಹುಟ್ಟಿಗೆ ಕಾರಣವಾದ ಗಾಜು ಒಡೆದದ್ದು ಮಾತ್ರ ನಮ್ಮ ದೇಶದಲ್ಲಿ!

ಆಗ ಇಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳಿಗೆ ಪೋಲೊ ಅಂದರೆ ಪ್ರಾಣ. ಕುದುರೆ ಮೇಲೆ ಕೂತು ಕೋಲು ಬೀಸುವ ಆಟ ಅದು. ಮಣಿಕಟ್ಟಿಗೆ ಒಂದು ಪೆಟ್ಟು ಬಿದ್ದರೆ ಸಾಕು, ವಾಚಿನ ಗಾಜು ಪುಡಿಪುಡಿ. ಸ್ವಿಸ್ ವಾಚ್ ವ್ಯಾಪಾರಿ ಸೆಸಾರ್ ದ ಟ್ರೆ ಭಾರತಕ್ಕೆ ಬಂದಾಗ ಈ ಗೋಳು ಅವರ ಕಿವಿಗೆ ಬಿತ್ತು. ಊರಿಗೆ ಮರಳಿದವರೇ ವಾಚ್ ತಯಾರಕ ಜಾಕ್-ಡೇವಿಡ್ ಲೆಕೂಲ್ತ್ರ್ ಅವರಿಗೆ ವಿಷಯ ತಿಳಿಸಿದರು. ಕವಚದ ವಿನ್ಯಾಸ ಎಂಜಿನಿಯರ್ ರೆನೆ-ಆಲ್ಫ್ರೆಡ್ ಶೋವೊ ಅವರದು. ಪ್ಯಾರಿಸ್ಸಿನಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದ್ದು 1931ರ ಮಾರ್ಚ್ 4ರಂದು.

ಗಾಜು ಒಡೆಯುತ್ತೆ ಅಂದರೆ ದಪ್ಪ ಗಾಜು ಹಾಕೋಣ, ಮೇಲೊಂದು ಮುಚ್ಚಳ ಕೂರಿಸೋಣ ಅಂತ ಯಾರಿಗಾದರೂ ಹೊಳೆಯುತ್ತದೆ, ಅಲ್ವಾ? ಇವರು ವಾಚಿಗೆ ಮಗ್ಗುಲು ಬದಲಿಸುವುದನ್ನೇ ಕಲಿಸಿಬಿಟ್ಟರು. ಕೆಳಗೊಂದು ಲೋಹದ ತಟ್ಟೆ, ಅದರಲ್ಲಿ ಸಣ್ಣ ತೋಡು. ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ವಾಚು ಪಕ್ಕಕ್ಕೆ ಜಾರುತ್ತದೆ. ಹಾಗೇ ಹೊರಳಿಸಿ ವಾಪಸ್ ತಳ್ಳಿದರೆ, ಟಕ್! ಮುಳ್ಳುಗಳೆಲ್ಲ ಮಣಿಕಟ್ಟಿನ ಕಡೆಗೆ, ಮೇಲೆ ಬರೀ ಉಕ್ಕಿನ ಬೆನ್ನು. ಆ ಟಕ್ ಸದ್ದು ನನಗೆ ತುಂಬ ಇಷ್ಟ. ಭದ್ರವಾಗಿ ಕೂತೆ ಅಂತ ವಾಚೇ ಹೇಳಿದ ಹಾಗಿರುತ್ತದೆ.

ನೋಡುವುದಕ್ಕೂ ಚೆಂದ. ಉದ್ದ ಚೌಕದ ಮುಖ. ಮೇಲೆ ಮೂರು, ಕೆಳಗೆ ಮೂರು ಉಬ್ಬುಗೆರೆ. ಆಗಿನ ಆರ್ಟ್ ಡೆಕೊ ಶೈಲಿಯ ನೇರ, ಅಚ್ಚುಕಟ್ಟು ರೇಖೆಗಳು. ಬೋಳಾಗಿದ್ದ ಆ ಬೆನ್ನನ್ನು ಜನ ಸುಮ್ನೆ ಬಿಡಲಿಲ್ಲ. ಹೆಸರಿನ ಮೊದಲಕ್ಷರ, ಲಾಂಛನ, ಬಣ್ಣದ ಎನಾಮೆಲ್ ಚಿತ್ರ ಎಲ್ಲ ಬರೆಸಿಕೊಂಡರು. ಪೆಟ್ಟು ತಿನ್ನಲೆಂದು ಮಾಡಿದ ಜಾಗವೇ ಒಡೆಯನ ಗುರುತಾಯಿತು.

ಮೊದಮೊದಲು ಒಳಗಿನ ಯಂತ್ರ ತವಾನ್ ಎಂಬ ಬೇರೆ ಕಂಪನಿಯದಾಗಿತ್ತು. 1933ರ ಹೊತ್ತಿಗೆ ಲೆಕೂಲ್ತ್ರ್ ತಮ್ಮದೇ ಯಂತ್ರ ಕೂರಿಸಿದರು. ಮುಂದೆ ದುಂಡು ವಾಚುಗಳ ಕಾಲ ಬಂತು. ರಿವರ್ಸೊ ತಯಾರಿಕೆಯೇ ನಿಂತುಹೋಯಿತು.

1972ರಲ್ಲಿ ಇಟಲಿಯ ವ್ಯಾಪಾರಿ ಜಾರ್ಜೊ ಕೊರ್ವೊ ಕಾರ್ಖಾನೆಗೆ ಹೋದಾಗ ಅಲ್ಲಿ ಸುಮಾರು 200 ಖಾಲಿ ಕವಚಗಳು ಉಳಿದಿದ್ದವು. ಅಷ್ಟನ್ನೂ ಕೊಂಡುಕೊಂಡರು. ಒಳಗೆ ಯಂತ್ರ ಕೂರಿಸಿ ಇಟಲಿಯಲ್ಲಿ ಮಾರಾಟಕ್ಕಿಟ್ಟರು. ನೋಡನೋಡುತ್ತಲೇ ಎಲ್ಲ ಖರ್ಚಾದವು. ಕಾರ್ಖಾನೆಯವರು ಮತ್ತೆ ರಿವರ್ಸೊ ಮಾಡತೊಡಗಿದರು.

ನಮಸ್ಕಾರ.