ಕಾಲುಸಂಕದ ಮೇಲೆ ಎರಡು ಇಲಿ

[ದೃಶ್ಯ: ತೀರ್ಥಹಳ್ಳಿ ಕಡೆಯ ಒಂದು ಹಳ್ಳ, ಮಳೆಗಾಲ. ಅಡಿಕೆ ಮರದ ಕಾಲುಸಂಕ.]

ನಮಸ್ಕಾರ. ಈ ಸಂಕ ನೋಡಿ. ಎರಡು ಅಡಿಕೆ ಮರ, ಕೈ ಹಿಡಿಯೋಕೆ ಒಂದು ಬಿದಿರು, ಅಷ್ಟೇ. ಎರಡೂ ಕಡೆಯಿಂದ ಜನ ಒಟ್ಟಿಗೆ ಹತ್ತಿಬಿಟ್ಟರೆ ನಡುವೆ ಯಾರಾದರೂ ಒಬ್ಬರು ಹಿಂದೆ ಹೋಗಲೇಬೇಕು. ನಾನಂತೂ ಯಾವಾಗಲೂ ಹಿಂದೆ ಹೋಗುವ ಗಿರಾಕಿ.

ಲ್ಯಾಬ್‌ನಲ್ಲಿ ಇಲಿಗಳಿಗೂ ಇಂಥದ್ದೊಂದು ಸಂಕ ಇದೆ. ಟ್ಯೂಬ್ ಟೆಸ್ಟ್ ಅಂತ ಹೆಸರು. ಸುಮಾರು 3 ಸೆಂ.ಮೀ. ಅಗಲದ ಕೊಳವೆ, ತಿರುಗೋಕೆ ಜಾಗ ಇಲ್ಲ. ಎರಡು ತುದಿಯಿಂದ ಎರಡು ಇಲಿ ಬಿಡುತ್ತಾರೆ. ನಡುವೆ ಮೂಗಿಗೆ ಮೂಗು. ಸ್ವಲ್ಪ ಹೊತ್ತು ತಳ್ಳಾಟ. ಸೋತದ್ದು ಹಿಂದೆ ಹಿಂದೆ ಸರಿದು ಹೊರಗೆ ಬರುತ್ತದೆ.

ಹೆಗ್ಗಣ ಅಲ್ಲ, ಸಣ್ಣ ಇಲಿ. ಬಿಳಿ ಇಲಿ ಅಂದುಕೊಳ್ಳಬೇಡಿ, ಇಂಥ ಕೆಲಸಕ್ಕೆ ಕಪ್ಪು ಇಲಿಯೇ ಜಾಸ್ತಿ.

ಆ ತಳ್ಳಾಟದ ಹೊತ್ತಲ್ಲಿ ಮಿದುಳಿನೊಳಗೆ ಏನಾಗುತ್ತದೆ? ಎಂಆರ್‌ಐ ಮಾಡಬಹುದು. ಆದರೆ ಅದಕ್ಕೆ ಅಲುಗಾಡದೆ ಮಲಗಬೇಕು. ಇಲಿ ಮಲಗುತ್ತದಾ? ಸಾಮಾನ್ಯವಾಗಿ ಮತ್ತು ಬರಿಸುತ್ತಾರೆ. ಮತ್ತಿನಲ್ಲಿರುವ ಇಲಿ ಯಾರ ಜತೆ ಜಗಳ ಆಡೀತು!

ಹಾಗಾಗಿ ಕ್ಯಾಮೆರಾವನ್ನೇ ಇಲಿಯ ತಲೆಗೆ ಹೊರಿಸಿದರು. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡವೊಂದು 1.9 ಗ್ರಾಂ ತೂಕದ ಮೈಕ್ರೋಸ್ಕೋಪ್ ಮಾಡಿತು. ಹಗುರ ಅನ್ನಿಸುತ್ತದೆ ಅಲ್ವಾ? ಇಲಿಯ ತೂಕವೇ ಸುಮಾರು 25 ಗ್ರಾಂ. 60 ಕೆಜಿಯ ಮನುಷ್ಯ ತಲೆ ಮೇಲೆ ನಾಲ್ಕೂವರೆ ಕೆಜಿ ಹೊತ್ತು ಓಡಾಡಿದ ಹಾಗೆ. ನನಗೆ ಇದು ಸುಮ್ನೆ ಬಿಡುವ ಮಾತು ಅನ್ನಿಸುವುದಿಲ್ಲ.

[ದೃಶ್ಯ: ಕತ್ತಲಲ್ಲಿ ಹಸಿರು ಚುಕ್ಕೆಗಳು ಮಿನುಗುವ ಚಿತ್ರ.]

ಬರೀ ಕ್ಯಾಮೆರಾ ಇದ್ದರೆ ಸಾಲದು, ನರಕೋಶ ಬೆಳಗಬೇಕು. ಇಲ್ಲಿ ಕಡಲಿನ ಅಂಬಲಿ ಮೀನು, ಅಂದರೆ ಜೆಲ್ಲಿಫಿಶ್ ನೆರವಿಗೆ ಬಂತು. ಅದರಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನ್ ಇದೆ. ಅದನ್ನು ಹುಡುಕಿದ ಒಸಾಮು ಶಿಮೊಮುರಾಗೆ ಇನ್ನಿಬ್ಬರ ಜತೆ 2008ರ ನೊಬೆಲ್ ಸಿಕ್ಕಿತು. ಆ ಪ್ರೋಟೀನನ್ನು ತಿದ್ದಿ ಜಿಕ್ಯಾಂಪ್ ಅಂತ ಮಾಡಿ, ಇಲಿಯ ನರಕೋಶದೊಳಗೇ ತಯಾರಾಗುವ ಹಾಗೆ ಮಾಡಿದ್ದಾರೆ. ನರಕೋಶ ಕೆಲಸ ಮಾಡಿದಾಗ ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಹಸಿರು ಜೋರಾಗುತ್ತದೆ. ಮಿಂಚುಹುಳದ ಕಾಲದಲ್ಲಿ ನಮ್ಮ ತೋಟ ಕಂಡ ಹಾಗೆ ಕಾಣುತ್ತದೆ.

2019ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಎರಡೂ ಇಲಿಗೆ ಕ್ಯಾಮೆರಾ ಹೊರಿಸಿದರು. ಇಲಿಗಳು ಎದುರಾದಾಗ ಎರಡರ ಮಿದುಳಿನ ಮುಂಭಾಗದ ನರಕೋಶಗಳ ಚಟುವಟಿಕೆಯ ಏರಿಳಿತ ಒಂದಕ್ಕೊಂದು ಹೊಂದುತ್ತಿತ್ತು. ಎರಡೂ ಒಂದೇ ಕೆಲಸ ಮಾಡುತ್ತಿರುತ್ತವಲ್ಲ, ಹೊಂದದೆ ಇನ್ನೇನು ಅಂತ ನೀವು ಕೇಳಬಹುದು. ಅಷ್ಟೇ ಅಲ್ಲ. ಕೆಲವು ನರಕೋಶ ತನ್ನ ನಡೆಗೆ ಬೆಳಗಿದರೆ, ಇನ್ನು ಕೆಲವು ಎದುರಿನ ಇಲಿಯ ನಡೆಗೆ ಬೆಳಗುತ್ತಿದ್ದವು! ಇನ್ನೊಂದು ವಿಷಯ: ಒಂದು ಜೋರು, ಇನ್ನೊಂದು ಮೆತ್ತಗೆ, ಹೀಗೆ ಅಂತರ ಜಾಸ್ತಿ ಇದ್ದ ಜೋಡಿಯಲ್ಲೇ ತಾಳ ಹೆಚ್ಚು ಹೊಂದಿತ್ತು.

[ದೃಶ್ಯ: ಮತ್ತೆ ಸಂಕ. ಆಚೆಯಿಂದ ಕಂಬಳಿಕೊಪ್ಪೆ ಹೊದ್ದ ದೊಡ್ಡಪ್ಪ.]

"ಹೋಯ್, ಅಲ್ಲೇ ನಿಲ್ಲು ಮಾರಾಯ!"

ಬಂದೆ ದೊಡ್ಡಪ್ಪ, ಹಿಂದೆ ಹೋದೆ.